ಗುರುತ್ವದ ಲಘುಮುಖ

ನಮ್ಮ ಛಂದಸ್ಸಿನಲ್ಲಿ ಅಕ್ಷರಗಳಿಗೆ ಎರಡೇ ಜಾತಿ. ಒಂದು ಮಾತ್ರೆಯದು ಲಘು, ಎರಡು ಮಾತ್ರೆಯದು ಗುರು. ಹಗುರವಾದದ್ದು ಲಘು, ಭಾರವಾದದ್ದು ಗುರು. ಪಾಠ ಹೇಳುವವರಿಗೂ ಇದೇ ಹೆಸರು ಸಂದಿದೆ. ಅವರ ತರಗತಿಗಳಲ್ಲಿ ಕುಳಿತು ತೂಕಡಿಸಿದವರಿಗೆ ಈ ಹೆಸರಿನ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂಕಡಿಕೆ ಎಂಬ ಪದದೊಳಗೇ ತೂಕ ಕುಳಿತಿದೆಯಲ್ಲ! ಭೂಮಿಯು ವಸ್ತುಗಳನ್ನು ತನ್ನತ್ತ ಸೆಳೆಯುವ ಗುಣಕ್ಕೆ ಗುರುತ್ವಾಕರ್ಷಣೆ ಎಂದು ಹೆಸರಿಟ್ಟವರು ಈ ಅರ್ಥಗಳನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡಿದ್ದರೋ ಇಲ್ಲವೋ, ಭೌತಶಾಸ್ತ್ರದ ಅಧ್ಯಾಯಗಳಲ್ಲಿ ಇದರಷ್ಟು ಗಂಭೀರ ಮುಖಮುದ್ರೆಯ ಹೆಸರು ಇನ್ನೊಂದಿಲ್ಲ.

ಆದರೆ ಕನ್ನಡಿಗನ ಬಾಯಲ್ಲಿ ಬೀಳುವುದು ಎಂದೂ ಗಂಭೀರ ಸಂಗತಿ ಮಾತ್ರವೇ ಆಗಿರಲಿಲ್ಲ. ನಮ್ಮಲ್ಲಿ ಮಳೆ ಬೀಳುತ್ತದೆ, ಕನಸು ಬೀಳುತ್ತದೆ, ಧಾರಣೆ ಬೀಳುತ್ತದೆ, ಸರ್ಕಾರವೂ ಬೀಳುತ್ತದೆ. ಒಬ್ಬ ಕಣ್ಣಿಗೆ ಬೀಳುತ್ತಾನೆ, ಇನ್ನೊಬ್ಬ ಕಾಲಿಗೆ ಬೀಳುತ್ತಾನೆ, ಮತ್ತೊಬ್ಬ ಬಾಣಲೆಯಿಂದ ಬೆಂಕಿಗೆ ಬೀಳುತ್ತಾನೆ. ಜಟ್ಟಿ ಮಾತ್ರ ಬಿದ್ದರೂ ಮೀಸೆ ಮಣ್ಣಾಗಿಲ್ಲವೆಂದು ವಾದಿಸುತ್ತಾನೆ. ಇಷ್ಟು ಬಗೆಯಲ್ಲಿ ಬೀಳಬಲ್ಲ ಭಾಷೆಯೊಂದಕ್ಕೆ ಪತನದ ನಿಯಮಗಳನ್ನು ಕಲಿಸುವುದು ಸುಲಭವಿರಬೇಕೆಂದು ಯಾರಿಗಾದರೂ ತೋರೀತು.

ವರ್ಗಾವಣೆಯ ಪುಣ್ಯದಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಪದವಿಪೂರ್ವ ತರಗತಿಗಳಿಗೆ ಭೌತಶಾಸ್ತ್ರ ಹೇಳಿದವನು ನಾನು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿಕೊಂಡವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು 2018ರಲ್ಲಿ. ಒಂದೆಡೆ ಅಡಿಕೆ ತೋಟದ ನೆರಳು, ಇನ್ನೊಂದೆಡೆ ತುಂಗಭದ್ರೆಯ ದಂಡೆಯ ಭತ್ತದ ಗದ್ದೆ, ಮತ್ತೊಂದೆಡೆ ಮಳೆಗಾಗಿ ಮುಗಿಲು ನೋಡುವ ಎರೆ ಮತ್ತು ಕೆಂಪು ನೆಲ. ಒಂದೇ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳನ್ನು ಸುತ್ತಿದವನಿಗೆ, ಗುರುತ್ವಾಕರ್ಷಣೆಯ ಅಧ್ಯಾಯಕ್ಕೆ ಬೇಕಾದ ಪ್ರಯೋಗಶಾಲೆ ಕಾಲೇಜಿನ ಕಾಂಪೌಂಡಿನ ಆಚೆಯೇ ಇದೆಯೆಂಬುದು ಬಹು ಬೇಗ ತಿಳಿಯುತ್ತದೆ.

ಚನ್ನಗಿರಿಯ ತರಗತಿಯಲ್ಲಿ ನಾನು ಪ್ರತಿವರ್ಷ ಕೇಳುತ್ತಿದ್ದ ಪ್ರಶ್ನೆ ಒಂದೇ. ಮರದ ತುದಿಯಿಂದ ಒಂದು ಬಿಡಿ ಅಡಿಕೆಯನ್ನೂ ಒಂದು ಇಡೀ ಕೊನೆಯನ್ನೂ ಏಕಕಾಲದಲ್ಲಿ ಬಿಟ್ಟರೆ ಮೊದಲು ನೆಲ ಮುಟ್ಟುವುದು ಯಾವುದು? ತರಗತಿಯ ಮುಕ್ಕಾಲು ಪಾಲು ಕೊನೆಯ ಪಕ್ಷ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಗ್ರೀಸಿನ ಅರಿಸ್ಟಾಟಲನೂ ಅದೇ ಪಕ್ಷದವನು, ಅವನ ಹಿಂದೆ ಎರಡು ಸಾವಿರ ವರ್ಷಗಳ ಕಾಲ ಯೂರೋಪಿನ ಪಂಡಿತರೆಲ್ಲ ಅದೇ ಪಕ್ಷದವರು. ಆಗ ನಾನು ಎರಡನೆಯ ಪ್ರಶ್ನೆ ಹಾಕುತ್ತಿದ್ದೆ. ಕೊನೆಯೆಂದರೆ ಒಂದೇ ವಸ್ತುವೋ ಅಥವಾ ಒಂದೇ ತೊಟ್ಟಿಗೆ ಅಂಟಿಕೊಂಡ ಇನ್ನೂರು ಮುನ್ನೂರು ಅಡಿಕೆಗಳೋ? ಅದರಲ್ಲಿನ ಪ್ರತಿ ಅಡಿಕೆಯೂ ಬಿಡಿಯಾಗಿ ಬಿದ್ದಿದ್ದರೆ ನಿಧಾನವಾಗಿ ಬೀಳಬೇಕಾಗಿತ್ತು ಎನ್ನುವುದಾದರೆ, ಪಕ್ಕದಲ್ಲಿ ನೆಂಟರಿಷ್ಟರಿದ್ದಾರೆಂಬ ಒಂದೇ ಕಾರಣಕ್ಕೆ ಅದಕ್ಕೆ ಅವಸರ ಬರುವುದು ಹೇಗೆ? ತರಗತಿ ಸುಮ್ಮನಾಗುತ್ತಿತ್ತು. ಗೆಲಿಲಿಯೋ ಅರಿಸ್ಟಾಟಲನ ಬಾಯಿ ಕಟ್ಟಿಸಿದ್ದು ಇದೇ ಬಗೆಯ ತರ್ಕದಿಂದ. ಅವನಿಗೆ ಅಡಿಕೆ ಕೊನೆ ಸಿಕ್ಕಿರಲಿಲ್ಲ, ಎರಡು ಕಲ್ಲುಗಳನ್ನು ಕಟ್ಟಿಹಾಕಿ ಯೋಚಿಸಬೇಕಾಯಿತು.

ಅವನು ಪೀಸಾದ ವಾಲುಗೋಪುರ ಹತ್ತಿ ಗುಂಡುಗಳನ್ನು ಬೀಳಿಸಿದನೆಂಬ ಕಥೆ ಬಂದಿರುವುದು ಶಿಷ್ಯ ವಿವಿಯಾನಿಯ ಬರವಣಿಗೆಯಿಂದ. ಅದು ನಡೆದೇ ಇರಲಿಕ್ಕಿಲ್ಲವೆನ್ನುವ ಇತಿಹಾಸಕಾರರೇ ಹೆಚ್ಚು. ನಿಜವಾಗಿ ಬೀಳಿಸಿ ನೋಡಿ ಬರೆದಿಟ್ಟವನು ಹಾಲೆಂಡಿನ ಡೆಲ್ಫ್ಟ್‌ನಲ್ಲಿ ಪ್ರಯೋಗ ಮಾಡಿದ ಸೈಮನ್ ಸ್ಟೆವಿನ್. ಒಂದಕ್ಕಿಂತ ಇನ್ನೊಂದು ಹತ್ತು ಪಟ್ಟು ಭಾರವಾದ ಎರಡು ಸೀಸದ ಗುಂಡುಗಳು ಮೂವತ್ತು ಅಡಿ ಎತ್ತರದಿಂದ ಒಂದೇ ಸದ್ದಿನಲ್ಲಿ ಕೆಳಗಿನ ಹಲಗೆಗೆ ಬಡಿದವೆಂದು 1586ರಲ್ಲೇ ಪ್ರಕಟಿಸಿದ. ಕೀರ್ತಿ ಮಾತ್ರ ಗೋಪುರವಿದ್ದ ಊರಿಗೆ ಹೋಯಿತು. ನ್ಯೂಟನ್ನನ ಸೇಬಿಗೂ ಇಂಥದೇ ಗತಿ. ಸ್ಟುಕ್ಲಿ ಎಂಬ ಮಿತ್ರ 1752ರಲ್ಲಿ ಬರೆದಿಟ್ಟ ನೆನಪಿನಲ್ಲಿ ತೋಟವಿದೆ, ಚಹಾ ಇದೆ, ಬೀಳುವ ಸೇಬೂ ಇದೆ. ಅದು ಅವನ ತಲೆಯ ಮೇಲೆ ಬಿದ್ದ ಸಂಗತಿ ಇಲ್ಲ. ತಲೆಯನ್ನು ಒದಗಿಸಿದವರು ನಂತರದ ಪೀಳಿಗೆಯ ಮೇಷ್ಟರುಗಳು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ಗಾದೆ ಹೇಳುತ್ತದೆ. ಮಾನದ ವಿಷಯದಲ್ಲಿ ಅಡಿಕೆಗೂ ಆನೆಗೂ ಅಷ್ಟು ಅಂತರವಿದ್ದರೂ ಬೀಳುವ ವಿಷಯದಲ್ಲಿ ಭೂಮಿ ಅವೆರಡರ ನಡುವೆ ಯಾವ ಭೇದವನ್ನೂ ಎಣಿಸುವುದಿಲ್ಲ. ಹದಿನೈದು ಮೀಟರ್, ಎಂದರೆ ಚೆನ್ನಾಗಿ ಬೆಳೆದ ಅಡಿಕೆ ಮರದ ಎತ್ತರದಿಂದ ಇಬ್ಬರಿಗೂ ಸಿಗುವ ಕಾಲಾವಕಾಶ ಒಂದು ಮುಕ್ಕಾಲು ಸೆಕೆಂಡು.

ಆದರೆ ತೋಟದ ಹುಡುಗರು ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. "ಹಂಗಾದ್ರೆ ಸೋಗೆ ಯಾಕ್ ಸಾರ್ ತೇಲಾಡ್ಕೊಂಡ್ ಬರ್ತತಿ?" ಎಂದು ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಉತ್ತರ ಗಾಳಿಯಲ್ಲಿದೆ. ಗಾಳಿಯಿಲ್ಲದ ಚಂದ್ರನ ಮೇಲೆ 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಸುತ್ತಿಗೆಯನ್ನೂ ಗಿಡುಗದ ಗರಿಯನ್ನೂ ಒಟ್ಟಿಗೆ ಕೈಬಿಟ್ಟಾಗ ಎರಡೂ ಒಟ್ಟಿಗೇ ನೆಲ ಸೇರಿದವು. ಚನ್ನಗಿರಿಯಲ್ಲಿ ಗಾಳಿಯಿದೆ, ಅಗಲವಾದ ಸೋಗೆಯನ್ನು ಅದು ಎತ್ತಿ ಹಿಡಿಯುತ್ತದೆ, ಗುಂಡಗಿನ ಅಡಿಕೆಗೆ ದಾರಿ ಬಿಡುತ್ತದೆ. ಈ ತಾರತಮ್ಯದ ಮೇಲೆಯೇ ನಮ್ಮ ಹಿರಿಯರು ಒಂದು ತಂತ್ರಜ್ಞಾನವನ್ನೇ ನಿಲ್ಲಿಸಿದ್ದರು. ಯಂತ್ರಗಳು ಬರುವ ಮುನ್ನ ಜಗಳೂರು ಕಡೆಯ ಕಣಗಳಲ್ಲಿ ಮೊರವನ್ನು ತಲೆಗಿಂತ ಮೇಲೆತ್ತಿ ಜೋಳವನ್ನು ತೂರುವಾಗ, ಕಾಳು ಕಾಲ ಬುಡದಲ್ಲಿ ರಾಶಿಯಾಗುತ್ತಿತ್ತು, ಹೊಟ್ಟು ಹತ್ತು ಮಾರು ದೂರ ಹೋಗಿ ಬೀಳುತ್ತಿತ್ತು. ಗಾಳಿ ಬಂದಾಗ ತೂರಿಕೋ ಎಂಬುದು ಇಂದು ರಾಜಕಾರಣಿಗಳಿಗೆ ಅನ್ವಯಿಸುವ ಮಾತಾಗಿದ್ದರೂ ಮೂಲದಲ್ಲಿ ಅದು ಶುದ್ಧ ಭೌತಶಾಸ್ತ್ರ.

ಗಾಳಿಯ ಈ ಅಡ್ಡಗೈ ಇಲ್ಲದಿದ್ದರೆ ಮಳೆಗಾಗಿ ಪ್ರಾರ್ಥಿಸುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಎರಡು ಕಿಲೋಮೀಟರ್ ಎತ್ತರದ ಮೋಡದಿಂದ ಹೊರಟ ಹನಿ ನಿರ್ವಾತದಲ್ಲಿ ಬಿದ್ದರೆ ನೆಲ ಮುಟ್ಟುವಾಗ ಗಂಟೆಗೆ 700 ಕಿಲೋಮೀಟರ್ ವೇಗದಲ್ಲಿರಬೇಕು. ವಾಸ್ತವದಲ್ಲಿ ದಪ್ಪ ಹನಿಯೂ ಸೆಕೆಂಡಿಗೆ ಸುಮಾರು ಒಂಬತ್ತು ಮೀಟರ್, ಎಂದರೆ ಗಂಟೆಗೆ ಮೂವತ್ತಮೂರು ಕಿಲೋಮೀಟರ್ ತಲುಪುವಷ್ಟರಲ್ಲಿ ಗಾಳಿಯ ತಡೆ ತೂಕಕ್ಕೆ ಸರಿಸಮವಾಗಿ ನಿಲ್ಲುತ್ತದೆ, ಅಲ್ಲಿಂದಾಚೆ ವೇಗ ಏರುವುದಿಲ್ಲ. ಬಿಟ್ಟೂಬಿಡದೆ ಕಾದ ನಂತರ ಜಗಳೂರಿನಲ್ಲಿ ಬೀಳುವ ಮಳೆ ಒಬ್ಬ ಸಜ್ಜನ ಸೈಕಲ್ ಸವಾರನಿಗಿಂತ ತುಸು ಹೆಚ್ಚು ವೇಗದಲ್ಲಷ್ಟೇ ಬರುತ್ತದೆ.

ತೆಂಗಿನಕಾಯಿಯ ವಿಷಯಕ್ಕೆ ಬಂದರೆ ನ್ಯಾಮತಿಯ ಹಿರಿಯರೊಬ್ಬರು ನನಗೆ ಪಾಠ ಹೇಳಿದ್ದುಂಟು. "ಮೇಷ್ಟ್ರೇ, ತೆಂಗಿನಕಾಯಿಗೆ ಕಣ್ಣೈತಿ. ಮನುಷ್ಯನ್ನ ನೋಡ್ಕೊಂಡೇ ಬೀಳ್ತತಿ." ಕಣ್ಣಿರುವುದು ನಿಜ, ಮೂರಿವೆ, ಆದರೆ ಅವು ಸಿಪ್ಪೆಯೊಳಗೆ ಮುಚ್ಚಿಹೋಗಿವೆ. ಕಾಯಿ ತಲೆ ತಪ್ಪಿಸುವುದರಲ್ಲಿ ಕಾಯಿಯ ದಯೆಗಿಂತ ತಲೆಯ ಸಣ್ಣತನದ ಪಾಲು ದೊಡ್ಡದು. ಮರದಡಿಯಲ್ಲಿ ಕಾಯಿ ಬೀಳಬಹುದಾದ ಜಾಗವನ್ನು ಬುಡದಿಂದ ಎರಡು ಮೀಟರ್ ತ್ರಿಜ್ಯದ ವೃತ್ತವೆಂದುಕೊಂಡರೂ ಅದರಲ್ಲಿ ಒಂದು ತಲೆ ಆಕ್ರಮಿಸುವುದು ಸುಮಾರು ಮುನ್ನೂರರಲ್ಲಿ ಒಂದು ಪಾಲು. ಆ ತಲೆ ದಿನದ ಎಷ್ಟು ನಿಮಿಷ ಅಲ್ಲಿರುತ್ತದೆ ಎಂಬುದನ್ನೂ ಸೇರಿಸಿಕೊಂಡರೆ ಕಾಯಿ ಕುರುಡಾಗಿದ್ದರೂ ನಮಗೆ ಅಡ್ಡಿಯಿಲ್ಲ. ಹಾಗೆಂದು ಮರದಡಿ ಮಂಚ ಹಾಕಿ ಮಲಗಬೇಕಾಗಿಲ್ಲ. ಇಪ್ಪತ್ತು ಮೀಟರಿನಿಂದ ಬಿದ್ದ ಕಾಯಿ ಗಂಟೆಗೆ ಎಪ್ಪತ್ತು ಕಿಲೋಮೀಟರ್ ವೇಗದಲ್ಲಿ ಬರುತ್ತದೆ.

ಜಗತ್ತಿನಲ್ಲಿ ವರ್ಷಕ್ಕೆ 150 ಜನ ತೆಂಗಿನಕಾಯಿ ಬಿದ್ದು ಸಾಯುತ್ತಾರೆಂಬ ಅಂಕಿಯನ್ನು ಓದುಗರು ಎಲ್ಲಿಯಾದರೂ ಕಂಡಿರಬಹುದು. ಅದಕ್ಕೆ ಬುಡವಿಲ್ಲ. ಅದರ ಹಿಂದೆ ಇರುವ ಒಂದೇ ಗಟ್ಟಿ ಕೆಲಸವೆಂದರೆ ಪೀಟರ್ ಬಾರ್ಸ್ ಎಂಬ ವೈದ್ಯರು ಪಪುವಾ ನ್ಯೂಗಿನಿಯ ಆಸ್ಪತ್ರೆಯೊಂದರ ನಾಲ್ಕು ವರ್ಷಗಳ ದಾಖಲೆ ನೋಡಿ 1984ರಲ್ಲಿ ಬರೆದ ಲೇಖನ. ಪೆಟ್ಟಾಗಿ ದಾಖಲಾದವರಲ್ಲಿ ಶೇಕಡ 2.5ರಷ್ಟು ಮಂದಿ ತೆಂಗಿನಕಾಯಿಯ ಪೆಟ್ಟು ತಿಂದವರೆಂದು ಅವರು ಕಂಡುಕೊಂಡರು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಎಂಬ ವಿನೋದದ ಬಹುಮಾನ 2001ರಲ್ಲಿ ಅವರಿಗೆ ಬಂತು, ಜಗತ್ತು ನಕ್ಕಿತು. ಅದೇ 1984ರಲ್ಲಿ ಅವರು ಸಹೋದ್ಯೋಗಿಗಳೊಂದಿಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇನ್ನೊಂದು ಲೇಖನ ಬರೆದಿದ್ದರು. ಅದು ಮರದಿಂದ ಬೀಳುವ ಕಾಯಿಗಳದ್ದಲ್ಲ, ಮರದಿಂದ ಬೀಳುವ ಮನುಷ್ಯರದ್ದು. ಅದಕ್ಕೆ ಯಾರೂ ಬಹುಮಾನ ಕೊಡಲಿಲ್ಲ. ಆ ಮನುಷ್ಯರ ಮಾತಿಗೆ ಬರುತ್ತೇನೆ. ಅದಕ್ಕೆ ಮುನ್ನ ತಕ್ಕಡಿಯ ಮತ್ತು ನೀರಿನ ಲೆಕ್ಕ ಸ್ವಲ್ಪ ಇದೆ.

ಚನ್ನಗಿರಿಯಲ್ಲಿ ತೂಕವೆಂದರೆ ದೈವಸಮಾನ. ತುಮ್ಕೋಸ್‌ನಂಥ ಸಹಕಾರ ಸಂಘವನ್ನೇ ಕಟ್ಟಿಕೊಂಡು ಅಡಿಕೆ ಮಾರುವ ಊರು ಅದು. ಚೀಲ ತಕ್ಕಡಿ ಏರಿದಾಗ ಬೆಳೆಗಾರನ ಉಸಿರು ಅರೆಕ್ಷಣ ನಿಲ್ಲುತ್ತದೆ. ಆದರೆ ತೂಕವೆಂಬುದು ವಸ್ತುವಿನ ಸ್ವಂತ ಆಸ್ತಿಯಲ್ಲ. ಅದು ಭೂಮಿ ಆ ಸ್ಥಳದಲ್ಲಿ ಆ ವಸ್ತುವಿನ ಮೇಲೆ ತೋರುವ ಪ್ರೀತಿಯ ಪ್ರಮಾಣ, ಊರಿಂದೂರಿಗೆ ಬದಲಾಗುತ್ತದೆ. ಭೂಮಿ ತಿರುಗುವುದರಿಂದಲೂ ನಡುಭಾಗದಲ್ಲಿ ಉಬ್ಬಿರುವುದರಿಂದಲೂ ಸಮಭಾಜಕದ ಕಡೆಗೆ ಸರಿದಂತೆ ಸೆಳೆತ ಕಡಿಮೆ, ಎತ್ತರಕ್ಕೆ ಹೋದಂತೆ ಇನ್ನಷ್ಟು ಕಡಿಮೆ. ಅಕ್ಷಾಂಶ ಮತ್ತು ಎತ್ತರಗಳನ್ನು ಸೂತ್ರಕ್ಕೆ ಹಾಕಿದರೆ ಗುರುತ್ವ ವೇಗೋತ್ಕರ್ಷ ಚನ್ನಗಿರಿಯಲ್ಲಿ 9.78, ದೆಹಲಿಯಲ್ಲಿ 9.79. ಎರಡನೆಯ ದಶಮಾಂಶ ಸ್ಥಾನದ ಈ ವ್ಯತ್ಯಾಸ ಪರೀಕ್ಷೆಯಲ್ಲಿ ಅಂಕ ತಂದುಕೊಡುವುದಿಲ್ಲ, ಮಾರುಕಟ್ಟೆಯಲ್ಲಿ ಹಣ ಕಳೆಯಬಲ್ಲದು. ದೆಹಲಿಯಲ್ಲಿ ಸರಿಹೊಂದಿಸಿದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಹಾಗೆಯೇ ತಂದು ಚನ್ನಗಿರಿಯಲ್ಲಿಟ್ಟರೆ ಕ್ವಿಂಟಲಿಗೆ ಸುಮಾರು ನೂರು ಗ್ರಾಂ ಕಡಿಮೆ ತೋರಿಸುತ್ತದೆ. ಕ್ವಿಂಟಲಿಗೆ ಐವತ್ತು ಸಾವಿರ ರೂಪಾಯಿಯ ಧಾರಣೆ ಇದ್ದರೆ ಅದು ಐವತ್ತು ರೂಪಾಯಿ. ಹತ್ತು ಟನ್ನಿನ ಲೋಡಿಗೆ ಐದು ಸಾವಿರ. ಯಾರೂ ಮೋಸ ಮಾಡಿಲ್ಲ, ಭೂಮಿಯೇ ಕೊಂಚ ಬಿಗಿ ಸಡಿಲಿಸಿದೆ. ಇಂಥ ತಕ್ಕಡಿಗಳನ್ನು ಬಳಸುವ ಸ್ಥಳದಲ್ಲೇ ಪರೀಕ್ಷಿಸಿ ಮುದ್ರೆ ಹಾಕಬೇಕೆನ್ನುವುದರ ಹಿಂದೆ ಈ ಕಾರಣವೂ ಉಂಟು. ಎರಡು ತಟ್ಟೆಯ ಹಳೆಯ ತಕ್ಕಡಿಗೆ ಈ ಕಾಯಿಲೆಯಿರಲಿಲ್ಲ. ಭೂಮಿ ಅಡಿಕೆಯ ಮೇಲೆ ಪ್ರೀತಿ ಇಳಿಸಿದರೆ ಕಲ್ಲಿನ ಮೇಲೂ ಅಷ್ಟೇ ಇಳಿಸುತ್ತಿತ್ತು.

ನಮ್ಮ ದಕ್ಷಿಣದವರ ಪಾಲಿಗೆ ಇನ್ನೊಂದು ಸೋಜಿಗವಿದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಎಷ್ಟು ಮಂಕಾಗಿದೆಯೆಂದರೆ ಅಲ್ಲಿ ಸಮುದ್ರದ ಮಟ್ಟವೇ ನಿರೀಕ್ಷಿತ ಮಟ್ಟಕ್ಕಿಂತ ನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಈ ತಗ್ಗು ಮೂಡಿದ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯಿ ಘೋಷ್ 2023ರಲ್ಲಿ ವಿವರಿಸಿದರು. ಹಿಂದೊಮ್ಮೆ ಇದ್ದ ಟೆಥಿಸ್ ಸಾಗರದ ತಳ ಭೂಗರ್ಭದಾಳಕ್ಕೆ ಮುಳುಗಿದಾಗ ಕದಡಿಹೋದ ಬಿಸಿಯಾದ, ಹಗುರವಾದ ದ್ರವ್ಯ ಆಫ್ರಿಕಾದ ಕೆಳಗಿನಿಂದ ಹೊರಟು ಇಲ್ಲಿಗೆ ಹರಿದು ಬಂದಿದೆ ಎಂಬುದು ಅವರ ಗಣಕ ಮಾದರಿಗಳ ನಿರ್ಣಯ. ಗುರುವಿನ ಹೊಟ್ಟೆಯೊಳಗೂ ಲಘುವಿದೆ ಎಂದಾಯಿತು.

ಇಂಥ ಮಾತು ಬಂದಾಗಲೆಲ್ಲ ಸಭೆಯಲ್ಲಿ ಒಬ್ಬರಾದರೂ ಎದ್ದು, ಇದನ್ನೆಲ್ಲ ನ್ಯೂಟನ್ನನಿಗಿಂತ ಐನೂರು ವರ್ಷ ಮೊದಲೇ ಭಾಸ್ಕರಾಚಾರ್ಯರು ಹೇಳಿದ್ದರಲ್ಲವೇ ಎನ್ನುತ್ತಾರೆ. ಅರ್ಧ ಸರಿ. 1150ರ ಸಿದ್ಧಾಂತ ಶಿರೋಮಣಿಯಲ್ಲಿ, ಭೂಮಿಗೆ ಆಕರ್ಷಣ ಶಕ್ತಿಯಿದೆ, ಆಕಾಶದಲ್ಲಿರುವ ಭಾರದ ವಸ್ತುವನ್ನು ಅದು ತನ್ನತ್ತ ಎಳೆದುಕೊಳ್ಳುವುದನ್ನೇ ನಾವು ಬೀಳುವುದೆನ್ನುತ್ತೇವೆ ಎಂಬ ಅಭಿಪ್ರಾಯ ಸ್ಪಷ್ಟವಾಗಿದೆ. ಭೂಮಿಯೇ ಏಕೆ ಬೀಳುವುದಿಲ್ಲ ಎಂದವರಿಗೆ, ಸುತ್ತಲೂ ಒಂದೇ ಸಮನಾಗಿರುವ ಆಕಾಶದಲ್ಲಿ ಅದು ಬೀಳುವುದಾದರೂ ಯಾವ ಕಡೆಗೆ ಎಂದು ಅವರು ತಿರುಗಿ ಕೇಳುತ್ತಾರೆ. ಆ ಮರುಪ್ರಶ್ನೆಯ ಹಿಂದಿನ ಕಿರುನಗೆ ನನಗೆ ಬಹಳ ಪ್ರಿಯ. ಆದರೆ ಆ ಸೆಳೆತ ದೂರದ ವರ್ಗಕ್ಕನುಸಾರ ಕ್ಷೀಣಿಸುತ್ತದೆ, ಬೀಳುವ ಸೇಬನ್ನೂ ತಿರುಗುವ ಚಂದ್ರನನ್ನೂ ಒಂದೇ ಲೆಕ್ಕ ಆಳುತ್ತದೆ ಎಂಬುದು ನ್ಯೂಟನ್ನನದೇ. ಭಾಸ್ಕರರು ಹೇಳಿಕೊಂಡ ವಿಜ್ಜಡವಿಡ ನಮ್ಮ ವಿಜಯಪುರವೋ ಮಹಾರಾಷ್ಟ್ರದ ಪಾಟಣವೋ ಎಂಬ ಜಗಳ ಬಗೆಹರಿಯದಿರುವಾಗ, ಅವರ ಪರವಾಗಿ ಇಂಗ್ಲೆಂಡಿನೊಂದಿಗೆ ವ್ಯಾಜ್ಯ ಹೂಡುವ ಅವಸರವೇನೂ ಇಲ್ಲ.

ಇನ್ನು ನೀರು. ಗುರುತ್ವ ಕೂಲಿ ಕೇಳದೆ ದುಡಿಯುವುದನ್ನು ನೋಡಬೇಕೆಂದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ, ಎಂದರೆ ಶಾಂತಿಸಾಗರಕ್ಕೆ ಹೋಗಬೇಕು. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳು ಹತ್ತಿರ ಬಂದ ಜಾಗದಲ್ಲಿ ಒಂದು ಏರಿ ಕಟ್ಟಿ, ಎರಡೂವರೆ ಸಾವಿರ ಹೆಕ್ಟೇರಿಗೂ ಮಿಕ್ಕ ನೀರಿನ ಹರವನ್ನು ನಿಲ್ಲಿಸಿದವರು ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಓದಿದವರಲ್ಲ. ಜನರ ನೆನಪಿನಲ್ಲಿ ಉಳಿದಿರುವ ಹೆಸರು ಶಾಂತವ್ವ ಎಂಬ ರಾಜಕುಮಾರಿಯದು. ಎಷ್ಟು ಕಡಿಮೆ ಕಟ್ಟಿ ಎಷ್ಟು ಹೆಚ್ಚು ನೀರು ಹಿಡಿಯಬಹುದೆಂಬ ಜಾಗವನ್ನು ಕಣ್ಣಳತೆಯಲ್ಲೇ ಆರಿಸಿದ ಆ ಕೈಗಳಿಗೆ ಇಳಿಜಾರಿನ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತಿತ್ತು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ಚನ್ನಗಿರಿ, ಹೊನ್ನಾಳಿ, ದಾವಣಗೆರೆ, ಹರಿಹರಗಳ ಕಡೆಗೆ ಬರುವ ಬಲದಂಡೆ ನಾಲೆಯೂ ಅದೇ ಶಾಸ್ತ್ರದ ಮುಂದುವರಿಕೆ. ಇಂಥ ದೊಡ್ಡ ನಾಲೆಗಳ ಇಳಿಜಾರು ಸಾಮಾನ್ಯವಾಗಿ ಕಿಲೋಮೀಟರಿಗೆ ಒಂದು ಗೇಣಿನಷ್ಟು ಇದ್ದೀತು. ಅಷ್ಟೇ ಸಾಕು, ನೀರು ನೂರಾರು ಕಿಲೋಮೀಟರ್ ನಡೆಯುತ್ತದೆ, ಒಂದು ಯೂನಿಟ್ ವಿದ್ಯುತ್ತನ್ನೂ ಕೇಳದೆ.

ಆದರೆ ಗೇಣಿನ ಲೆಕ್ಕದಲ್ಲಿ ಇಳಿಯುವ ನೀರಿಗೆ ಗೇಣಿನ ಅಡ್ಡಿಯೂ ದೊಡ್ಡದೇ. ಹೂಳು, ಒಡೆದ ದಂಡೆ, ರಾತ್ರೋರಾತ್ರಿ ನಾಲೆಗೆ ಇಳಿಬಿಟ್ಟ ಪಂಪಿನ ಪೈಪು, ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ನಾಲೆಯ ಕೊನೆಭಾಗದ ರೈತನಿಗೆ ತಲುಪುವುದು ನೀರಿನ ಸುದ್ದಿ ಮಾತ್ರ. ಬೇಸಿಗೆ ಬೆಳೆಯ ಹಂಗಾಮು ಬಂದಾಗಲೆಲ್ಲ ಕೊನೆಭಾಗದವರು ರಸ್ತೆಗೆ ಇಳಿಯುವುದಕ್ಕೆ ಗುರುತ್ವವನ್ನು ದೂರುವಂತಿಲ್ಲ. ಅದು ತನ್ನ ಪಾಲಿನ ಕೆಲಸವನ್ನು ಪಕ್ಷಪಾತವಿಲ್ಲದೆ ಮಾಡುತ್ತಿದೆ. ಪಕ್ಷಪಾತ ಮೇಲ್ಭಾಗದ ಪಂಪುಗಳದ್ದು.

ಜಗಳೂರಿಗೆ ಈ ಉಚಿತ ಸೇವೆ ಲಭ್ಯವಿಲ್ಲ. ಹೊಳೆ ಕೆಳಗೆ, ಊರು ಮೇಲೆ. ಹರಿಹರದ ಬಳಿ ತುಂಗಭದ್ರೆಯ ನೀರನ್ನೆತ್ತಿ ಈ ತಾಲ್ಲೂಕಿನ ಕೆರೆಗಳನ್ನು ತುಂಬಿಸಲೆಂದು ರೂಪಿಸಿದ 57 ಕೆರೆಗಳ ಯೋಜನೆ ಬಂದದ್ದು ಇದಕ್ಕಾಗಿಯೇ. ಲೆಕ್ಕಕ್ಕೆ ನೂರು ಮೀಟರ್ ಎತ್ತಬೇಕೆಂದುಕೊಳ್ಳಿ. ಒಂದು ಟಿಎಂಸಿ ನೀರನ್ನು ಅಷ್ಟು ಮೇಲೆತ್ತಲು, ಪಂಪಿನ ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 77 ಲಕ್ಷ ಯೂನಿಟ್ ವಿದ್ಯುತ್ ಬೇಕು. ಇದನ್ನು ದುಂದು ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಕೊಳವೆಬಾವಿಯ ಲೆಕ್ಕ ಇದಕ್ಕಿಂತ ದುಬಾರಿ. ಇನ್ನೂರು ಮೀಟರ್ ಆಳದಿಂದ ಹದಿನೈದು ಲೀಟರಿನ ಒಂದು ಕೊಡ ನೀರು ಮೇಲೆ ಬರಲು ಬೇಕಾದ ಶಕ್ತಿ 29,400 ಜೂಲ್. ಇದೇ ಶಕ್ತಿಯಲ್ಲಿ ಅರವತ್ತು ಕಿಲೋ ತೂಕದ ಒಬ್ಬ ಮನುಷ್ಯ ಹದಿನೈದು ಮೀಟರಿನ ಅಡಿಕೆ ಮರವನ್ನು ಮೂರು ಬಾರಿ ಹತ್ತಬಹುದು. ಜಗಳೂರಿನ ಗೃಹಿಣಿಯ ಒಂದು ಕೊಡಕ್ಕೆ ಚನ್ನಗಿರಿಯ ಕೊನೆಗಾರನ ಮೂರು ಮರ.

ಈ ಕೊನೆಗಾರನಷ್ಟು ಚೆನ್ನಾಗಿ ಶಕ್ತಿಯ ಲೆಕ್ಕ ಬಲ್ಲವರನ್ನು ನಾನು ಕಂಡಿಲ್ಲ. ಒಂದು ಮರ ಹತ್ತಲು 8,800 ಜೂಲ್. ದೇಹದ ಸ್ನಾಯುಗಳು ತಿಂದದ್ದರಲ್ಲಿ ಐದನೆಯ ಒಂದು ಪಾಲನ್ನಷ್ಟೇ ಕೆಲಸಕ್ಕೆ ತಿರುಗಿಸುವುದರಿಂದ ಮರವೊಂದಕ್ಕೆ ಹತ್ತು ಕಿಲೊಕ್ಯಾಲೊರಿ. ಒಂದು ಇಡ್ಲಿಗೆ ಐದು ಮರ ಎನ್ನಬಹುದು. ನೂರು ಮರಕ್ಕೆ ಇಪ್ಪತ್ತು ಇಡ್ಲಿ ಯಾರು ಕೊಡುತ್ತಾರೆ? ಅದಕ್ಕೆ ಅವನು ಕಂಡುಕೊಂಡ ಉಪಾಯ ಎಲ್ಲರಿಗೂ ಗೊತ್ತಿರುವುದೇ. ಒಂದು ಮರದ ಕೊನೆ ಇಳಿಸಿದ ಮೇಲೆ ಕೆಳಗಿಳಿಯದೆ, ಮರವನ್ನೇ ತೂಗಿ ಬಾಗಿಸಿ, ಪಕ್ಕದ ಮರದ ತಲೆಯನ್ನು ಕೈಗೆ ತಂದುಕೊಂಡು ದಾಟುತ್ತಾನೆ. ಒಮ್ಮೆ ಬೆವರು ಸುರಿಸಿ ಸಂಪಾದಿಸಿದ ಎತ್ತರವನ್ನು ನೆಲಕ್ಕೆ ಚೆಲ್ಲದೆ ತೋಟದ ಇನ್ನೊಂದು ತುದಿಯವರೆಗೂ ಕೊಂಡೊಯ್ಯುತ್ತಾನೆ. ಪ್ರಚ್ಛನ್ನ ಶಕ್ತಿಯ ಸಂರಕ್ಷಣೆಯನ್ನು ಕರಿಹಲಗೆಯ ಮೇಲೆ ಬರೆದು ಬರೆದು ಸೋತ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಪ್ರತಿ ಮರಕ್ಕೂ ಇಳಿದು ಹತ್ತಬಾರದೇ ಎಂದು ಒಮ್ಮೆ ಕೇಳಿದ್ದಕ್ಕೆ ಬಂದ ಉತ್ತರ ಇಷ್ಟೇ: "ಕೂಲಿ ಕೊನೆ ಲೆಕ್ಕಕ್ಕೆ ಸಾರ್, ಹತ್ತಿದ ಲೆಕ್ಕಕ್ಕಲ್ಲ."

ದಾಟುವಾಗ ಮರ ಮುರಿದರೆ ಅಥವಾ ಕೈ ಜಾರಿದರೆ, ಅಡಿಕೆಗೂ ಆನೆಗೂ ಸಿಗುವ ಅದೇ ಒಂದು ಮುಕ್ಕಾಲು ಸೆಕೆಂಡು ಅವನಿಗೂ ಸಿಗುತ್ತದೆ. ತನ್ನ ಹೆಸರನ್ನು ನಿಧಾನವಾಗಿ ಒಮ್ಮೆ ಹೇಳಿಕೊಳ್ಳುವಷ್ಟು ಹೊತ್ತು. ನೆಲ ಮುಟ್ಟುವಾಗಿನ ವೇಗ ಗಂಟೆಗೆ ಅರವತ್ತೆರಡು ಕಿಲೋಮೀಟರ್. ಕೊಲ್ಲುವುದು ಆ ವೇಗ ಎಷ್ಟು ದೂರದಲ್ಲಿ ಸೊನ್ನೆಯಾಗುತ್ತದೆ ಎಂಬುದು. ದೇಹ ಮತ್ತು ಮಣ್ಣು ಸೇರಿ ಹದಿನೈದು ಸೆಂಟಿಮೀಟರ್ ಕುಗ್ಗಿ ಅವನನ್ನು ನಿಲ್ಲಿಸಿದರೆ, ಅವನ ತೂಕದ ನೂರು ಪಟ್ಟು, ಎಂದರೆ ಆರು ಟನ್ ಭಾರದ ಹೊಡೆತ. ಅದೇ ನಿಲುಗಡೆ ಒಂದು ಬಲೆಯಲ್ಲಿ ಒಂದೂವರೆ ಮೀಟರ್ ಉದ್ದಕ್ಕೆ ಹಂಚಿಹೋದರೆ ಹೊಡೆತ ಹತ್ತು ಪಟ್ಟಿನ ಆಸುಪಾಸಿಗೆ ಇಳಿಯುತ್ತದೆ. ಪೆಟ್ಟಾದೀತು, ಪ್ರಾಣ ಉಳಿದೀತು. ಸೊಂಟದ ಪಟ್ಟಿಯೊಂದು ಮರಕ್ಕೆ ಬಿಗಿದಿದ್ದರೆ ಬೀಳುವ ಎತ್ತರವೇ ಮೊಟಕಾಗುತ್ತದೆ. ಪಟ್ಟಿ ಕಟ್ಟಿಕೊಂಡರೆ ಮರದಿಂದ ಮರಕ್ಕೆ ದಾಟುವುದು ಆಗುವುದಿಲ್ಲವೆಂಬುದೇ ತೊಡಕು, ಇಡ್ಲಿಯ ಲೆಕ್ಕ ಮತ್ತೆ ಮೇಲೇಳುತ್ತದೆ.

ಈ ಭಾಗದಲ್ಲಿ ಅಡಿಕೆ ಫಸಲನ್ನು ಮರದಲ್ಲಿರುವಾಗಲೇ ಖೇಣಿಗೆ ಕೊಡುವ ರೂಢಿಯಿದೆ. ಖೇಣಿಯ ಮಾತುಕತೆಗಳು ನಡೆಯುವಾಗ ಹತ್ತಿರ ಕುಳಿತು ಕೇಳಿದ್ದೇನೆ. ಎಷ್ಟು ಮರ, ಯಾವ ಕೊಯ್ಲು, ಹಸಿ ಅಡಿಕೆಗೆ ಎಷ್ಟು ಒಣ ಅಡಿಕೆ, ಕೊಳೆ ಬಂದರೆ ಯಾರ ಪಾಲು, 2014ರಲ್ಲಿ ಆಕಾಶ ಮುಟ್ಟಿ ಆಮೇಲೆ ನೆಲಕಚ್ಚಿದಂತೆ ಧಾರಣೆ ಬಿದ್ದರೆ ಯಾರ ಪಾಲು, ಎಲ್ಲವನ್ನೂ ಎರಡೂ ಕಡೆಯವರು ಗಂಟೆಗಟ್ಟಲೆ ಅಳೆದು ಸುರಿಯುತ್ತಾರೆ. ಬೀಳಬಹುದಾದ ಸಕಲ ವಸ್ತುಗಳ ಪಟ್ಟಿ ಅಲ್ಲಿ ತಯಾರಾಗುತ್ತದೆ, ಹತ್ತುವವನೊಬ್ಬನನ್ನು ಬಿಟ್ಟು. ಅವನು ಬಿದ್ದ ದಿನ ತೋಟದವರು ಖೇಣಿದಾರನ ಕಡೆಗೂ ಖೇಣಿದಾರ ತೋಟದವರ ಕಡೆಗೂ ನೋಡುತ್ತಾರೆ. ಮರುದಿನ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ತೆಂಗಿನ ಮರ ಹತ್ತುವವರಿಗೆ ಯಂತ್ರದ ತರಬೇತಿ ಕೊಡುತ್ತ ಬಂದಿದೆ, ಅವರಿಗಾಗಿ ವಿಮೆಯನ್ನೂ ಮಾಡಿದೆ. ಖೇಣಿಯ ಕರಾರಿನಲ್ಲಿ ಕೊನೆಗಾರನ ವಿಮೆಯ ಕಂತಿಗೆ ಒಂದು ಸಾಲು ಸೇರಿಸುವುದಕ್ಕೆ ಹೊಸ ಕಾನೂನಿನ ದಾರಿ ಕಾಯಬೇಕಾಗಿಲ್ಲ. ಕ್ವಿಂಟಲಿಗೆ ನೂರು ಗ್ರಾಂ ಎಂದು ಮೇಲೆ ಲೆಕ್ಕ ಹಾಕಿದೆನಲ್ಲ, ತಕ್ಕಡಿಯ ಮುಂದೆ ಅಷ್ಟಕ್ಕೆ ಜಗಳಕ್ಕೆ ನಿಲ್ಲುವ ನಾವು, ಅಷ್ಟನ್ನೇ ಈ ಸಾಲಿಗೆ ತೆಗೆದಿಟ್ಟರೆ ಆದೀತು.

ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದಿದೆ. ಒಂದರೊಳಗೊಂದು ಸೇರಿಕೊಂಡು ಅರವತ್ತು ಎಪ್ಪತ್ತು ಅಡಿ ಚಾಚಬಲ್ಲ, ಬಿದಿರಿಗಿಂತ ಎಷ್ಟೋ ಹಗುರವಾದ ಕೋಲು. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು. ಬೆಲೆ ಹತ್ತಾರು ಸಾವಿರ ರೂಪಾಯಿ. ಕತ್ತು ಮೇಲೆತ್ತಿ ನಿಂತು ಸಂಜೆಗೆ ಕತ್ತು ಹಿಡಿದುಕೊಳ್ಳುತ್ತದೆಂಬ ದೂರು ಬಿಟ್ಟರೆ ಬಳಸಿದವರು ಹಿಂದಿರುಗಿ ಮರ ಹತ್ತುವ ಮಾತಾಡಿದ್ದನ್ನು ನಾನು ಕೇಳಿಲ್ಲ. ಹಗ್ಗದ ಮೇಲೆ ಜಾರಿ ಬರುತ್ತಿದ್ದ ಕೊನೆ ಈಗ ಮೇಲಿನಿಂದ ನೇರ ಬೀಳುತ್ತದೆ, ಅದೇ ಒಂದು ಮುಕ್ಕಾಲು ಸೆಕೆಂಡಿನಲ್ಲಿ, ಅದೇ ಅರವತ್ತೆರಡು ಕಿಲೋಮೀಟರ್ ವೇಗದಲ್ಲಿ. ಹಾಗೆ ಬಿದ್ದರೆ ಕಾಯಿ ಚೆದುರುತ್ತದೆ, ಕೆಲವು ಒಡೆಯುತ್ತವೆ. ಅದಕ್ಕಾಗಿ ಕೆಲವು ತೋಟಗಳಲ್ಲಿ ಮರದ ಬುಡದಲ್ಲಿ ಇಬ್ಬರು ಬಲೆ ಹಿಡಿದು ನಿಲ್ಲುತ್ತಾರೆ.